ಓದದೆ ಒತ್ತಿದ ಒಂದು ‘ವೈ’: ಲೈಬ್ರರಿ ಎರರ್‌ಗಳು ನಮಗೆ ಕಲಿಸಿದ್ದು

ಒಂದು ವಾರಪತ್ರಿಕೆಯ ಸಂಚಿಕೆ ಎರಡು ದಿನ ತಡವಾಗಿ ಹೊರಬಂತು. ಕರೆಂಟ್ ಹೋಗಿದ್ದಕ್ಕಲ್ಲ, ಮುದ್ರಣಾಲಯ ಕೈಕೊಟ್ಟಿದ್ದಕ್ಕೂ ಅಲ್ಲ. ಕಂಪ್ಯೂಟರ್ ಕೇಳಿದ ಒಂದು ಪ್ರಶ್ನೆಯನ್ನು ಓದದೆ ನಾವು ‘ವೈ’ ಕೀಲಿ ಒತ್ತಿದ್ದಕ್ಕೆ. ಪತ್ರಿಕೋದ್ಯಮ ಓದಿದವರು, ಓದುವುದೇ ನಮ್ಮ ಕೆಲಸ ಎಂದುಕೊಂಡವರು, ಕಣ್ಣೆದುರಿಗಿದ್ದ ಪಟ್ಟಿಯನ್ನು ಓದಲಿಲ್ಲ. ಆ ನಾಚಿಕೆಯನ್ನು ಇಷ್ಟು ದಿನ ನಮ್ಮೊಳಗೇ ಇಟ್ಟುಕೊಂಡಿದ್ದೆವು. ಈಚೆಗೆ ನಮ್ಮ ಕಿರಿಯರಿಬ್ಬರು ಅದೇ ಹಳ್ಳಕ್ಕೆ ಬಿದ್ದು ಎದ್ದು ಬಂದರು. ಬರೆದುಬಿಡುವುದೇ ಸರಿ ಅನ್ನಿಸಿತು.

ನಡೆದದ್ದು 2019ರ ಮಳೆಗಾಲದಲ್ಲಿ. ತಾಲ್ಲೂಕು ಕೇಂದ್ರವೊಂದರ ಸಣ್ಣ ವಾರಪತ್ರಿಕೆ. ಅದರ ಸಂಪಾದಕರು ಹಳೆಯ ಸಂಚಿಕೆಗಳ ಕಟ್ಟುಗಳನ್ನು ನಮ್ಮ ಮುಂದಿಟ್ಟು, ಗೆದ್ದಲು ತಿನ್ನುವ ಮೊದಲು ಏನಾದರೂ ಮಾಡಿ ಅಂದರು. ಕೆರೆ ಒತ್ತುವರಿ, ಬರ ಪರಿಹಾರ, ಸಂತೆಯ ದರ, ಪಂಚಾಯಿತಿ ಜಗಳ ಹೀಗೆ ದೊಡ್ಡ ಪತ್ರಿಕೆಗಳ ಪುಟಕ್ಕೆ ಎಂದೂ ಬಾರದ ಸುದ್ದಿ ಅದರಲ್ಲಿತ್ತು. ಸ್ಕ್ಯಾನ್ ಮಾಡಿದೆವು. ಆದರೆ ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿನ ಪಾಲಿಗೆ ಬರೀ ಚಿತ್ರ. ಒಂದು ಕೆರೆಯ ಹೆಸರು ಹೊಡೆದರೆ ಆ ಕೆರೆಯ ಬಗ್ಗೆ ಬಂದ ಸುದ್ದಿಯೆಲ್ಲ ಎದುರಿಗೆ ಬರಬೇಕಾದರೆ ಚಿತ್ರದೊಳಗಿನ ಅಕ್ಷರವನ್ನು ಪಠ್ಯ ಮಾಡಬೇಕು. ಆ ಕೆಲಸಕ್ಕೆ ಟೆಸೆರಾಕ್ಟ್ ಎಂಬ ತಂತ್ರಾಂಶವಿದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ ಬಿಡುಗಡೆಯಾಗಿ, ಮುಂದೆ ಗೂಗಲ್ ಆಸರೆಯಲ್ಲಿ ಬೆಳೆದದ್ದು. ಕನ್ನಡವನ್ನೂ ಓದುತ್ತದೆ, ಕಾಸು ಕೇಳುವುದಿಲ್ಲ.

ತೊಡಕು ಎಲ್ಲಿತ್ತೆಂದರೆ, ಪತ್ರಿಕೆಯ ಕಚೇರಿಯಲ್ಲಿದ್ದ ಒಂದೇ ಕಂಪ್ಯೂಟರಿನಲ್ಲಿ ಉಬುಂಟು 16.04 ಇತ್ತು. ಅದರ ಭಂಡಾರದಲ್ಲಿ ಸಿಗುತ್ತಿದ್ದದ್ದು ಟೆಸೆರಾಕ್ಟ್ 3.04. ನಮ್ಮ ಪುಟಗಳ ಒತ್ತಕ್ಷರ ಕಂಡರೆ ಅದು ತಡವರಿಸುತ್ತಿತ್ತು. 2018ರ ಅಕ್ಟೋಬರಿನಲ್ಲಿ ಬಂದ 4.0 ಆವೃತ್ತಿ ಸಾಲು ಗುರುತಿಸುವ ಕ್ರಮವನ್ನೇ ಬದಲಿಸಿತ್ತು. ನಮಗೆ ಬೇಕಿದ್ದದ್ದು ಅದು. ಸಿದ್ಧ ರೂಪದಲ್ಲಿ ಸಿಗದಿದ್ದರೆ ಸೋರ್ಸ್ ಕೋಡ್ ತಂದು ನಾವೇ ಕಂಪೈಲ್ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಹಿಟ್ಟಿನ ಪೊಟ್ಟಣ ಕೊಳ್ಳುವ ಬದಲು ರಾಗಿ ತಂದು, ಕೇರಿ, ಗಿರಣಿಗೆ ಹಾಕಿಸಿಕೊಂಡಂತೆ.

ಮೊದಲ ‘ಇಲ್ಲ’

ಕಂಪೈಲ್ ಶುರು ಮಾಡುವ ಮೊದಲು ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಓಡಿಸಬೇಕು. ಅದು ಮದುವೆ ಅಡುಗೆಯವರು ಸಾಮಾನು ಪಟ್ಟಿ ಹಿಡಿದು ಉಗ್ರಾಣ ನೋಡಿದ ಹಾಗೆ ಒಂದೊಂದನ್ನೇ ಪರೀಕ್ಷಿಸುತ್ತದೆ. ಇದೆಯೇ? ಇದೆ. ಇದೆಯೇ? ಇದೆ. ನಮ್ಮಲ್ಲಿ ಒಂದು ಕಡೆ ನಿಂತಿತು: ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು.

ಲೆಪ್ಟೋನಿಕಾ ಒಂದು ಲೈಬ್ರರಿ. ಇಲ್ಲಿ ಲೈಬ್ರರಿ ಎಂದರೆ ಗ್ರಂಥಾಲಯವಲ್ಲ. ಒಬ್ಬರು ಬರೆದಿಟ್ಟ ಕೆಲಸವನ್ನು ಹತ್ತು ತಂತ್ರಾಂಶಗಳು ಎರವಲು ಪಡೆಯಲು ಅನುವಾಗುವಂತೆ ಕಟ್ಟಿದ ಕೋಡ್ ಗಂಟು. ಪುಟ ವಾಲಿದ್ದರೆ ನೇರ ಮಾಡುವುದು, ಕಲೆ ತೆಗೆಯುವುದು, ಚಿತ್ರದ ಕಡತ ತೆರೆಯುವುದು ಇವೆಲ್ಲ ಲೆಪ್ಟೋನಿಕಾದ ಹೊಣೆ. ಅದನ್ನು ಬರೆದವರು ಡ್ಯಾನ್ ಬ್ಲೂಮ್‌ಬರ್ಗ್. ಟೆಸೆರಾಕ್ಟ್ ಅದರ ಹೆಗಲ ಮೇಲೆ ನಿಂತಿದೆ. ಲೆಪ್ಟೋನಿಕಾ ತಾನು ಪಿಎನ್‌ಜಿ, ಜೆಪೆಗ್, ಟಿಫ್ ಚಿತ್ರಗಳನ್ನು ತೆರೆಯಲು ಬೇರೆ ಲೈಬ್ರರಿಗಳ ಹೆಗಲ ಮೇಲೆ ನಿಂತಿದೆ. ನಮ್ಮ ಕಡೆಯ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದು ಬೇಗ ಹೊಳೆಯುತ್ತದೆ. ನಾಟಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು. ಒಂದು ಮನೆಯವರು ಬಾರದಿದ್ದರೆ ಆ ದಿನದ ಸಾಲೇ ನಿಲ್ಲುತ್ತದೆ.

ಉಬುಂಟು 16.04ರ ಭಂಡಾರದಲ್ಲಿದ್ದ ಲೆಪ್ಟೋನಿಕಾ 1.73. ಒಂದೇ ಒಂದು ಹೆಜ್ಜೆ ಹಿಂದೆ. ಅದನ್ನೇ ಮೂರು ಸಲ ಹಾಕಿದೆವು, ಮೂರು ಸಲವೂ ಅದೇ ಉತ್ತರ ಬಂತು. ಎರರ್‌ನಲ್ಲಿ ‘ಲೆಪ್ಟೋನಿಕಾ ಬೇಕು’ ಎಂದಷ್ಟೇ ಓದಿದ್ದೆವು, ಪಕ್ಕದಲ್ಲಿದ್ದ 1.74 ಎಂಬ ಅಂಕಿಯನ್ನು ಓದಿರಲಿಲ್ಲ. ಕೊನೆಗೆ ಲೆಪ್ಟೋನಿಕಾವನ್ನೂ ಸೋರ್ಸ್‌ನಿಂದ ಕಂಪೈಲ್ ಮಾಡಿದೆವು. ಆಯಿತು. ಆಮೇಲೆ ಟೆಸೆರಾಕ್ಟ್ ಕೂಡ ಆಯಿತು. ಚಹಾ ತರಿಸಿದೆವು.

ಎರಡನೆಯ ‘ಇಲ್ಲ’, ಮತ್ತು ನಮ್ಮ ‘ವೈ’

ಮೊದಲ ಪುಟ ಕೊಟ್ಟೆವು. ಪಿಎನ್‌ಜಿ ಚಿತ್ರ. ಟೆಸೆರಾಕ್ಟ್ ಹೇಳಿದ್ದು: ಪಿಎನ್‌ಜಿ ಓದುವ ಫಂಕ್ಷನ್ ನನ್ನಲ್ಲಿ ಇಲ್ಲ.

ಯಾರೋ ಹೇಳಿದರು, ಹಳೆಯ ಲಿಬ್‌ಪಿಎನ್‌ಜಿ ಇದೆ, ಅದನ್ನು ಕಿತ್ತು ಹೊಸದು ಹಾಕಿ ಎಂದು. ಸಂಜೆ ಏಳು ಗಂಟೆ. ಮಾರನೆಯ ದಿನ ಪುಟ ಮುದ್ರಣಕ್ಕೆ ಹೋಗಬೇಕು. ಕಿತ್ತುಹಾಕುವ ಆಜ್ಞೆ ಕೊಟ್ಟೆವು. ಕಂಪ್ಯೂಟರ್ ಒಂದು ಪಟ್ಟಿ ತೋರಿಸಿತು: ಇದನ್ನು ತೆಗೆದರೆ ಇವೂ ಹೋಗುತ್ತವೆ. ಪರದೆ ತುಂಬ ಹೆಸರುಗಳು. ಕೆಳಗೆ ಪ್ರಶ್ನೆ, ಮುಂದುವರಿಯಲೇ? ಒತ್ತಿದೆವು.

ಆ ವ್ಯವಸ್ಥೆಯಲ್ಲಿ ಕಿಟಕಿ, ಗುಂಡಿ, ಚಿತ್ರ ಬಿಡಿಸುವ ಭಾಗವೆಲ್ಲ ಆ ಲಿಬ್‌ಪಿಎನ್‌ಜಿಯನ್ನೇ ನಂಬಿಕೊಂಡಿತ್ತು. ತಳದ ಕಲ್ಲು ಎಳೆದರೆ ಗೋಡೆ ಉಳಿದೀತೇ? ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆ, ಮಿನುಗುವ ಒಂದು ಗೆರೆ. ಪತ್ರಿಕೆಯ ಪುಟ, ಜಾಹೀರಾತು, ಫಾಂಟು ಎಲ್ಲ ಅದರೊಳಗೆ. ಕಡತಗಳೇನೂ ಹೋಗಿರಲಿಲ್ಲ, ಆದರೆ ಆ ರಾತ್ರಿ ನಮಗೆ ಅದು ಗೊತ್ತಿರಲಿಲ್ಲ. ಪೆನ್‌ಡ್ರೈವ್‌ನಿಂದ ಬೇರೆ ಉಬುಂಟು ಎಬ್ಬಿಸಿ, ಕಡತ ಹೊರತೆಗೆದು, ಎಲ್ಲವನ್ನೂ ಹೊಸದಾಗಿ ಕೂರಿಸಿ, ಫಾಂಟ್ ಹೊಂದಿಸುವಷ್ಟರಲ್ಲಿ ಎರಡು ದಿನ ಕಳೆದವು. ಸಂಪಾದಕರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ನಿಜವಾದ ಕಾರಣ ತಿಳಿದದ್ದು ಆಮೇಲೆ. ಲಿಬ್‌ಪಿಎನ್‌ಜಿ ತಪ್ಪು ಮಾಡಿರಲೇ ಇಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಒಂದು ಲೈಬ್ರರಿ ಎರಡು ಪೊಟ್ಟಣಗಳಲ್ಲಿ ಬರುತ್ತದೆ. ಒಂದು, ತಂತ್ರಾಂಶ ಓಡಿಸಲು ಬೇಕಾದದ್ದು. ಇನ್ನೊಂದು, ಹೆಸರಿನ ಕೊನೆಗೆ ‘ಡೆವ್’ ಎಂದಿರುವುದು. ಕಂಪೈಲ್ ಮಾಡುವವರಿಗೆ ಬೇಕಾದ ಹೆಡರ್ ಕಡತಗಳು ಇರುವುದು ಇದರಲ್ಲಿ. ಫೆಡೋರಾದಲ್ಲಿ ಇದೇ ‘ಡೆವೆಲ್’. ಊಟ ಬಡಿಸಿದ ಎಲೆ ಒಂದಾದರೆ, ಅಡುಗೆಯ ಕ್ರಮ ಬರೆದ ಚೀಟಿ ಇನ್ನೊಂದು. ನಮ್ಮಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಲೆಪ್ಟೋನಿಕಾ ಕಂಪೈಲ್ ಆಗುವಾಗ ಪಿಎನ್‌ಜಿ ಹೆಡರ್ ಹುಡುಕಿ, ಕಾಣದೆ, ‘ಇಲ್ಲ’ ಎಂದು ಒಂದು ಸಾಲು ಬರೆದು, ಪಿಎನ್‌ಜಿ ಓದದ ಲೆಪ್ಟೋನಿಕಾ ಆಗಿ ಸುಮ್ಮನೆ ಕಟ್ಟಿಕೊಂಡಿತ್ತು. ಅದರ ದೃಷ್ಟಿಯಲ್ಲಿ ಅದು ಎರರ್ ಅಲ್ಲ. ಹತ್ತು ನಿಮಿಷದ ಕೆಲಸ: ಡೆವ್ ಪೊಟ್ಟಣ ಹಾಕಿ, ಲೆಪ್ಟೋನಿಕಾವನ್ನು ಮತ್ತೊಮ್ಮೆ ಕಂಪೈಲ್ ಮಾಡುವುದು. ನಾವು ಎರಡು ದಿನ ತೆತ್ತೆವು.

ಎರರ್ ಯಾವ ಬಾಗಿಲಲ್ಲಿ ನಿಂತಿದೆ?

ಆಮೇಲೆ ಕುಳಿತು ಓದಿದೆವು. ಲೈಬ್ರರಿ ಎರರ್‌ಗಳೆಲ್ಲ ಒಂದೇ ಥರ ಕಾಣುತ್ತವೆ, ಆದರೆ ಒಂದೇ ಅಲ್ಲ. ಅವು ನಾಲ್ಕು ಬಾಗಿಲಲ್ಲಿ ನಿಲ್ಲುತ್ತವೆ. ಯಾವ ಬಾಗಿಲು ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಮೊದಲ ಬಾಗಿಲು ಕಾನ್ಫಿಗರ್. ಇಲ್ಲಿ ನಿಂತರೆ ಬೇಕಾದ ಲೈಬ್ರರಿ ಇಲ್ಲ, ಇದ್ದರೂ ಹಳತು, ಅಥವಾ ಇರುವ ಜಾಗ ಗೊತ್ತಾಗಿಲ್ಲ. ಜಾಗ ಹೇಳುವ ಕೆಲಸ ಪಿಕೆಜಿ-ಕಾನ್ಫಿಗ್ ಎಂಬ ಸಲಕರಣೆಯದು. ಲೈಬ್ರರಿಯನ್ನು ನಮ್ಮದೇ ಫೋಲ್ಡರಿನಲ್ಲಿ ಕೂರಿಸಿದ್ದರೆ, ಪಿಕೆಜಿ ಕಾನ್ಫಿಗ್ ಪಾತ್ ಎಂಬ ಚರದಲ್ಲಿ ಆ ದಾರಿ ಬರೆದುಕೊಡಬೇಕು. ಪೂರ್ತಿ ವಿವರ ‘ಕಾನ್ಫಿಗ್ ಲಾಗ್’ ಕಡತದಲ್ಲಿ ಇರುತ್ತದೆ. ಪರದೆಯಲ್ಲಿ ಕಂಡದ್ದು ತಲೆಬರಹ, ಸುದ್ದಿ ಇರುವುದು ಆ ಕಡತದಲ್ಲಿ. ಇಲ್ಲೊಂದು ಮೋಸವೂ ಉಂಟು. ಪಿಕೆಜಿ-ಕಾನ್ಫಿಗ್ ಆಗಲಿ, ಆಟೋಕಾನ್ಫ್ ಆರ್ಕೈವ್ ಎಂಬ ಪೊಟ್ಟಣವಾಗಲಿ ಇಲ್ಲದಿದ್ದರೆ ಕಾನ್ಫಿಗರ್ ಸ್ಕ್ರಿಪ್ಟ್ ‘ಸಿಂಟ್ಯಾಕ್ಸ್ ಎರರ್’ ಎಂದು ಕೂಗುತ್ತದೆ. ಸ್ಕ್ರಿಪ್ಟ್ ಬರೆದವರು ತಪ್ಪಿದ್ದಾರೆ ಅನ್ನಿಸುತ್ತದೆ. ಅವರು ತಪ್ಪಿಲ್ಲ, ಸ್ಕ್ರಿಪ್ಟ್ ತಯಾರಿಸುವ ಸಲಕರಣೆಯೇ ನಮ್ಮಲ್ಲಿಲ್ಲ.

ಎರಡನೆಯದು ಕಂಪೈಲರ್. ಯಾವುದೋ ಡಾಟ್ ಎಚ್ ಕಡತದ ಹೆಸರು ಹೇಳಿ, ಅಂಥ ಕಡತವಿಲ್ಲ ಎನ್ನುತ್ತದೆ. ಇದು ಹೆಚ್ಚು ಸಲ ಡೆವ್ ಪೊಟ್ಟಣದ ಕೊರತೆ. ಕಡತದ ಹೆಸರು ಕೊಟ್ಟರೆ ಅದು ಯಾವ ಪೊಟ್ಟಣದಲ್ಲಿದೆ ಎಂದು ಹೇಳುವ ಎಪಿಟಿ-ಫೈಲ್ ಎಂಬ ಸಲಕರಣೆ ಇದೆ. ಊಹೆ ಬೇಕಿಲ್ಲ.

ಮೂರನೆಯದು ಲಿಂಕರ್. ಹೆಡರ್ ಸಿಕ್ಕಿತು, ಕಂಪೈಲ್ ಆಯಿತು, ಆದರೆ ಜೋಡಿಸುವಾಗ ‘ಅನ್‌ಡಿಫೈನ್ಡ್ ರೆಫರೆನ್ಸ್’. ಮಾತು ಕೊಟ್ಟವರು ಆಳು ಕಳಿಸಲಿಲ್ಲ ಎಂದರ್ಥ. ಹೆಡರ್ ಒಂದು ಆವೃತ್ತಿಯದು, ಲೈಬ್ರರಿ ಇನ್ನೊಂದರದ್ದು ಆಗಿರಬಹುದು. ಲೈಬ್ರರಿಯ ಹೆಸರನ್ನು ಲಿಂಕರ್‌ಗೆ ಹೇಳಿಯೇ ಇಲ್ಲದಿರಬಹುದು, ಅಥವಾ ಹೇಳಿದ ಕ್ರಮ ತಪ್ಪಿರಬಹುದು.

ನಾಲ್ಕನೆಯದು ಓಡಿಸುವ ಹೊತ್ತು. ಎಲ್ಲ ಮುಗಿದು ಹೆಸರು ಹೊಡೆದರೆ, ಹಂಚಿಕೆಯ ಲೈಬ್ರರಿ ತೆರೆಯಲಾಗುತ್ತಿಲ್ಲ ಎನ್ನುತ್ತದೆ. ಲೈಬ್ರರಿ ಡಿಸ್ಕಿನಲ್ಲೇ ಇರುತ್ತದೆ, ಹುಡುಕುವವನಿಗೆ ದಾರಿ ಗೊತ್ತಿರುವುದಿಲ್ಲ. ಎಲ್‌ಡಿಡಿ ಎಂಬ ಆಜ್ಞೆ ಯಾವುದು ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂದು ಪಟ್ಟಿ ಕೊಡುತ್ತದೆ. ವ್ಯವಸ್ಥೆಯ ಮಾಮೂಲು ಜಾಗದಲ್ಲೇ ಹೊಸ ಲೈಬ್ರರಿ ಕೂರಿಸಿದ್ದರೆ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿದರೆ ಸಾಕಾಗುವುದುಂಟು. ನಮ್ಮದೇ ಫೋಲ್ಡರಿನಲ್ಲಿದ್ದರೆ ದಾರಿ ಹೇಳಬೇಕು.

ಇವೆಲ್ಲ ದಾಟಿದ ಮೇಲೂ ನಮಗೆ ಇನ್ನೊಂದು ಕಾದಿತ್ತು. ಟೆಸೆರಾಕ್ಟ್ ಕಂಪೈಲ್ ಆದರೆ ಕನ್ನಡ ಬರುವುದಿಲ್ಲ. ಕನ್ನಡದ ತರಬೇತಿ ದತ್ತಾಂಶ ಬೇರೆಯೇ ಕಡತ. ಅದನ್ನು ತಂದು ಸರಿಯಾದ ಜಾಗದಲ್ಲಿಡಬೇಕು. ಯಂತ್ರ ಬಂದರೂ ಭಾಷೆಯನ್ನು ನಾವೇ ಹೊತ್ತು ತರಬೇಕು. ಇದರಲ್ಲಿ ನಮಗೆ ಆಶ್ಚರ್ಯವೇನೂ ಆಗಲಿಲ್ಲ.

ಎರಡನೇ ಸಲ ಎರಡು ನಿಯಮ ಮಾಡಿಕೊಂಡೆವು. ಪತ್ರಿಕೆಯ ಕಂಪ್ಯೂಟರ್ ಮುಟ್ಟುವುದಿಲ್ಲ, ನಮ್ಮದೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತೇವೆ. ಮತ್ತು ಕಾನ್ಫಿಗರ್ ಮಾಡುವಾಗ ‘ಪ್ರಿಫಿಕ್ಸ್’ ಕೊಟ್ಟು ಎಲ್ಲವನ್ನೂ ನಮ್ಮ ಮನೆಯ ಫೋಲ್ಡರಿನೊಳಗೇ ಕೂರಿಸುತ್ತೇವೆ. ಕೆಟ್ಟರೆ ಆ ಫೋಲ್ಡರ್ ಅಳಿಸಿದರಾಯಿತು, ವ್ಯವಸ್ಥೆಯ ಕೂದಲೂ ಕೊಂಕುವುದಿಲ್ಲ. ಕೆಲಸ ಮುಗಿದ ಮೇಲೆ ಟೆಸೆರಾಕ್ಟ್‌ನ ಆವೃತ್ತಿ ಕೇಳಿದರೆ ಅದು ಲೆಪ್ಟೋನಿಕಾದ ಹೆಸರು, ಅದರ ಕೆಳಗೆ ಪಿಎನ್‌ಜಿ, ಜೆಪೆಗ್, ಟಿಫ್ ಲೈಬ್ರರಿಗಳ ಹೆಸರು, ಅವುಗಳ ಆವೃತ್ತಿ ಎಲ್ಲವನ್ನೂ ಹೇಳುತ್ತದೆ. ಆ ಸಾಲು ಮೊದಲ ದಿನವೇ ನೋಡಿದ್ದರೆ ಪಿಎನ್‌ಜಿ ಇಲ್ಲದ್ದು ಕಣ್ಣಿಗೆ ಬೀಳುತ್ತಿತ್ತು.

‘ಹೊಸದು ಹಾಕಿ’ ಎನ್ನುವವರಿಗೆ

ಇಷ್ಟೆಲ್ಲ ಯಾಕೆ, ಹೊಸ ಉಬುಂಟು ಹಾಕಿ, ಇಲ್ಲವೇ ಡಾಕರ್, ಸ್ನ್ಯಾಪ್, ಆಪ್‌ಇಮೇಜ್ ಬಳಸಿ ಎನ್ನುವವರು ಇದ್ದಾರೆ. ಅವರ ಮಾತು ಸುಳ್ಳಲ್ಲ. ಲೈಬ್ರರಿಗಳನ್ನೆಲ್ಲ ಒಟ್ಟಿಗೆ ಕಟ್ಟಿ ಕೊಡುವ ಆ ದಾರಿಗಳಿಂದ ಎಷ್ಟೋ ತಲೆನೋವು ತಪ್ಪಿದೆ. ನಮ್ಮ ವಿಷಯದಲ್ಲೇ ಉಬುಂಟು 18.04ರಲ್ಲಿ ಟೆಸೆರಾಕ್ಟ್ 4ರ ಬೀಟಾ ಸಿದ್ಧವಾಗಿ ಸಿಗುತ್ತಿತ್ತು. ಸಾಧ್ಯವಿದ್ದವರು ಅದನ್ನೇ ಮಾಡಬೇಕು. ಸೋರ್ಸ್‌ನಿಂದ ಕಂಪೈಲ್ ಮಾಡುವುದು ಹೆಗ್ಗಳಿಕೆಯ ವಿಷಯವಲ್ಲ.

ಆದರೆ ಸಲಹೆ ಕೊಡುವವರ ಕೈಯಲ್ಲಿರುವ ಕಂಪ್ಯೂಟರೇ ಎಲ್ಲರ ಕೈಯಲ್ಲೂ ಇರುವುದಿಲ್ಲ. ಹಳೆಯ ಪ್ರಿಂಟರ್ ಹಳೆಯ ಡ್ರೈವರ್ ಬಿಟ್ಟು ಅಲುಗುವುದಿಲ್ಲ. ಮೊಬೈಲ್ ಡೇಟಾ ದಿನದ ಲೆಕ್ಕದಲ್ಲಿ ಮುಗಿಯುತ್ತದೆ. ವಾರಕ್ಕೊಮ್ಮೆ ಪುಟ ಹೋಗಲೇಬೇಕಾದ ಕಡೆ ಇಡೀ ವ್ಯವಸ್ಥೆ ಬದಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಊರುಗಳಲ್ಲಿ ಕಂಪ್ಯೂಟರ್ ಸಾಯುವವರೆಗೂ ಬದುಕುತ್ತದೆ. ಹಾಗಾಗಿ ಎರರ್ ಓದುವುದನ್ನು ಕಲಿಯುವುದು ನಮಗೆ ಹವ್ಯಾಸವಲ್ಲ, ಇರುವ ಯಂತ್ರದಲ್ಲೇ ಕೆಲಸ ಮಾಡಿಕೊಳ್ಳುವ ದಾರಿ.

ಇನ್ನೊಂದು ಮಾತು. ಕಟ್ಟಿಕೊಟ್ಟ ಪೊಟ್ಟಣದೊಳಗೂ ಲೈಬ್ರರಿಗಳು ಇದ್ದೇ ಇರುತ್ತವೆ, ಕಾಣುವುದಿಲ್ಲ ಅಷ್ಟೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಹೊರಗೆಡಹಿದ ಸಂಗತಿ ನೆನಪಿರಬಹುದು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಲೈಬ್ರರಿಯಲ್ಲಿ ಕಳ್ಳಬಾಗಿಲು ಇಟ್ಟಿದ್ದರು. ಅದನ್ನು ಬಹುಕಾಲ ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ. ದಣಿದಿದ್ದ ಅವರಿಗೆ ನೆರವಾಗುತ್ತೇನೆಂದು ಬಂದು, ವರ್ಷಗಟ್ಟಲೆ ನಂಬಿಕೆ ಗಳಿಸಿದ ಒಂದು ಹೆಸರಿನ ಹಿಂದಿನಿಂದ ಆ ಕೆಲಸ ನಡೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಳ್ಳಬಾಗಿಲನ್ನು ಜೋಡಿಸುವ ತುಣುಕು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿರಲಿಲ್ಲ, ಬಿಡುಗಡೆಯ ಕಡತದಲ್ಲಿತ್ತು, ಕಂಪೈಲ್ ಹೊತ್ತಿನಲ್ಲೇ ಕೆಲಸ ಮಾಡುತ್ತಿತ್ತು. ಫ್ರಾಯಿಂಡ್ ಅವರಿಗೆ ಸಿಕ್ಕ ಸುಳಿವು ಏನು? ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದ್ದದ್ದು, ಮತ್ತು ಪರೀಕ್ಷಾ ಸಲಕರಣೆಯೊಂದು ಹೇಳುತ್ತಿದ್ದ ಕೆಲವು ಎರರ್. ಬೇರೆಯವರು ‘ಇರಲಿ ಬಿಡು’ ಎನ್ನಬಹುದಾಗಿದ್ದ ಸಾಲುಗಳನ್ನು ಅವರು ಬಿಡಲಿಲ್ಲ.

ನಮ್ಮ ಬೇಡಿಕೆ, ನಮ್ಮ ಹೊಣೆ

ಎಲ್ಲಿಂದಲೋ ನಕಲು ಮಾಡಿದ ಆಜ್ಞೆಯನ್ನು ಅಧಿಕಾರದ ಕೀಲಿ ಸೇರಿಸಿ ಓಡಿಸುವುದು, ಮೂಲ ಕೇಳದೆ ಬಂದ ಫಾರ್ವರ್ಡ್ ಸಂದೇಶವನ್ನು ಸುದ್ದಿ ಮಾಡಿ ಪ್ರಕಟಿಸಿದ ಹಾಗೆ. ತರಗತಿಯಲ್ಲಿ ಎರಡನೆಯದು ತಪ್ಪೆಂದು ಕಲಿತಿದ್ದೇವೆ, ಮೊದಲನೆಯದನ್ನು ದಿನವೂ ಮಾಡುತ್ತೇವೆ. ಯಾರು ಹೇಳಿದರು, ಯಾವ ಆವೃತ್ತಿಗೆ ಹೇಳಿದರು, ಯಾವಾಗ ಹೇಳಿದರು ಎಂದು ಇಲ್ಲೂ ಕೇಳಬೇಕು. ನೂರು ಸಾಲು ಎರರ್ ಬಂದರೆ ಕೊನೆಯದನ್ನಲ್ಲ, ಮೇಲೆ ಹೋಗಿ ಮೊದಲ ಎರರ್ ಓದಬೇಕು. ಉಳಿದವು ಬಹಳಷ್ಟು ಸಲ ಅದರ ಮಕ್ಕಳು ಮರಿಗಳು.

ಕನ್ನಡಕ್ಕಾಗಿ ತಂತ್ರಾಂಶ ಬರೆಯುವವರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಕೋಡ್ ಯಾವ ಯಾವ ಲೈಬ್ರರಿ ಕೇಳುತ್ತದೆ, ಯಾವ ಆವೃತ್ತಿ, ಯಾವ ವ್ಯವಸ್ಥೆಯಲ್ಲಿ ಓಡಿಸಿ ನೋಡಿದ್ದೀರಿ ಎಂದು ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ. ಸಾರ್ವಜನಿಕರ ಹಣದಲ್ಲಿ ಆದ ಕೆಲಸವಾದರೆ ಅದು ಕೋರಿಕೆಯಲ್ಲ, ಹಕ್ಕು. ಪತ್ರಿಕೋದ್ಯಮ ಕಲಿಸುವವರಲ್ಲಿ ಇನ್ನೊಂದು: ದತ್ತಾಂಶ ಪತ್ರಿಕೋದ್ಯಮ ಎಂದು ಪಾಠ ಮಾಡುವಾಗ ಒಂದು ದಿನ ಬೇಕೆಂದೇ ಕೆಟ್ಟ ಕಂಪ್ಯೂಟರ್ ಕೊಟ್ಟು ಎರರ್ ಓದಿಸಿ.

ಉಳಿದದ್ದು ನಮ್ಮ ಪಾಲು. ಯಾವ ಯಂತ್ರ, ಯಾವ ಆವೃತ್ತಿ, ಮೊದಲ ಎರರ್ ಏನು, ನಾವು ಏನೆಂದುಕೊಂಡೆವು, ನಿಜವಾಗಿ ಏನಾಗಿತ್ತು, ಹೇಗೆ ಸರಿಹೋಯಿತು ಎಂಬ ಆರು ಸಾಲಿನ ಟಿಪ್ಪಣಿಯನ್ನು ಪ್ರತಿ ಸಲ ಕನ್ನಡದಲ್ಲಿ ಬರೆದಿಡುತ್ತಿದ್ದೇವೆ. ‘ನಾವು ಏನೆಂದುಕೊಂಡೆವು’ ಎಂಬ ಸಾಲನ್ನು ಬಿಡುವುದಿಲ್ಲ. ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಕಾಣದ ಯಾರೋ ಬರೆದ ಲೈಬ್ರರಿಯಿಂದ ನಮ್ಮ ಕೆಲಸ ಆಗಿದೆ. ಮುಯ್ಯಿ ತೀರಿಸಲು ನಮಗೆ ಬರುವ ಕೆಲಸ ಬರವಣಿಗೆ.

ಆ ಸಂಚಿಕೆಗಳ ಕಥೆ ಹೇಳಿ ಮುಗಿಸುತ್ತೇವೆ. ತಪ್ಪುಗಳು ಸಾಕಷ್ಟು ಉಳಿದರೂ ಪಠ್ಯ ಹುಡುಕುವಂತಾಯಿತು. ಸಂಪಾದಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಒಂದು ಕೆರೆಯ ಹೆಸರು ಹೊಡೆದೆವು. ಒಂದೇ ಕೆರೆಯ ಹೂಳೆತ್ತುವ ಕಾಮಗಾರಿ ಬೇರೆ ಬೇರೆ ವರ್ಷಗಳಲ್ಲಿ ಮೂರು ಸಲ ಉದ್ಘಾಟನೆಯಾಗಿತ್ತು. ಮೂರೂ ವರದಿ ಅವರದೇ ಪತ್ರಿಕೆಯಲ್ಲಿ ಬಂದಿದ್ದವು. ಒಟ್ಟಿಗೆ ಯಾರೂ ಓದಿರಲಿಲ್ಲ, ಅವರೂ ಸೇರಿ. ಮುಂದಿನ ವಾರದ ಮುಖಪುಟ ಅದೇ ಆಯಿತು. ಆ ಸಂಚಿಕೆ ಸರಿಯಾದ ದಿನವೇ ಹೊರಬಂತು.